ಚಿತ್ರ ೪೧: ಎಡಗೈ

ನನ್ನ ಕೆಲಸ ಎಣಿಸುವುದು.
ಬಿಸಿಲಿದ್ದರೆ ನಾಲ್ಕು, ಮೋಡವಿದ್ದರೆ ಒಂಬತ್ತು;
ಬೆರ್ಗೆನ್ ಊರಲ್ಲಿ ಹೆಚ್ಚುಕಡಿಮೆ ಯಾವಾಗಲೂ ಒಂಬತ್ತು.
ಧಣಿ ಮಸೂರದ ಮುಚ್ಚಳ ತೆಗೆಯುವರು,
ನಾನು ಗಟ್ಟಿಯಾಗಿ ಹೇಳುವೆ: ಒಂದು, ಎರಡು.
ಕೂತವರು ಉಸಿರು ಹಿಡಿಯುವರು.
ಮದುಮಕ್ಕಳಾದರೂ ಅಷ್ಟೇ, ಹಡಗಿನ ಮಾಲೀಕರಾದರೂ ಅಷ್ಟೇ,
ಮಂಗಳವಾರ ಕುಷ್ಠದ ಆಸ್ಪತ್ರೆಯಿಂದ ಬರುವವರಾದರೂ ಅಷ್ಟೇ.

ಅವರಿಗೆ ಹಿಂಬಾಗಿಲು.
ಕುರ್ಚಿ ಮಾತ್ರ ಅದೇ.
ಆಮೇಲೆ ಅದನ್ನು ಸುಣ್ಣದ ನೀರಲ್ಲಿ ತೊಳೆಯುವುದೂ ನನ್ನ ಪಾಲಿಗೆ.
ತೋಟದ ಚಿತ್ರವಿದ್ದ ಪರದೆಯನ್ನು ಸುರುಳಿ ಸುತ್ತಿಟ್ಟು
ಬೂದು ಕಂಬಳಿ ಇಳಿಬಿಡುತ್ತಿದ್ದೆ.
"ರೋಗಕ್ಕೆ ತೋಟ ಯಾಕೆ?" ಎನ್ನುತ್ತಿದ್ದರು ಡಾಕ್ಟರ್ ಕ್ರೋಗ್.
ಕೆಟ್ಟವರಲ್ಲ. ಕೆಮ್ಮಿದವಳೊಬ್ಬಳಿಗೆ
ತಮ್ಮ ಕರವಸ್ತ್ರವನ್ನೇ ಕೊಟ್ಟದ್ದು ನೋಡಿದ್ದೇನೆ.

ಓಲಾವ ಬಂದದ್ದು ಅಂಥದೊಂದು ಮಂಗಳವಾರ.
ಸುನ್‌ಫ್ಯೋರ್ಡ್ ಕಡೆಯವಳು, ಮೂವತ್ತು ದಾಟಿರಲಿಲ್ಲ.
ಇಗರ್ಜಿಗೆ ಉಡುವ ಕಪ್ಪು ಲಂಗ, ಕಸೂತಿಯ ಮೇಲಂಗಿ,
ಕೊರಳ ಬಳಿ ಅಜ್ಜಿಯ ಕಾಲದ ಬೆಳ್ಳಿ ಬ್ರೋಚು;
ಹೊಳೆಯಲೆಂದು ರಾತ್ರಿ ಬೂದಿಯಲ್ಲಿ ಉಜ್ಜಿದ್ದಳಂತೆ.
"ಫೋಟೋ ಅಂದರು. ಮದುವೆಯವರ ಥರದ್ದು ಅಂದುಕೊಂಡೆ,"
ಎಂದಳು ನನಗೆ ಮಾತ್ರ ಕೇಳುವಂತೆ,
"ತಂಗಿಗೆ ಒಂದು ಕಳಿಸಬಹುದು ಅಂತ."

ಮೇಲಂಗಿ ತೆಗೆಯಬೇಕು ಎಂದರು ಡಾಕ್ಟರು.
ಭುಜದ ಗಂಟುಗಳು ಕಾಣಬೇಕು, ಎದೆಯ ಕಲೆಗಳೂ.
ದನಿ ಕೇಳಿಕೊಂಡಂತೆ ಇತ್ತು; ಕೇಳಿರಲಿಲ್ಲ.

ಅವಳು ಗುಂಡಿ ಬಿಚ್ಚುವಷ್ಟು ಹೊತ್ತು
ನಾವು ಮೂವರೂ ಬೇರೇನನ್ನೋ ನೋಡಿದೆವು:
ಧಣಿ ಗಾಜನ್ನು, ಡಾಕ್ಟರು ಗಡಿಯಾರವನ್ನು,
ನಾನು ಬೆಳ್ಳಿಯ ದ್ರಾವಣ ಹತ್ತಿ ಕಪ್ಪಾದ ನನ್ನ ಬೆರಳುಗಳನ್ನು.
ಎಷ್ಟು ತೊಳೆದರೂ ಹೋಗದ ಕಲೆ.
ಅದರ ಫೋಟೋ ಯಾರೂ ತೆಗೆಯಲಿಲ್ಲ.

"ಮುಖ ಬೇಕಾದರೆ ತೆಗೀರಿ. ಮುಖ ಇನ್ನೂ ನನ್ನದೇ ಇದೆ.
ಮೈ ಬೇಡ."
"ಪುಸ್ತಕಕ್ಕಮ್ಮ," ಎಂದರು ಅವರು,
"ಮುಂದೆ ನಿನ್ನಂಥವರಿಗೆ ಉಪಕಾರವಾದೀತು."
ಆ ಮಾತು ಸುಳ್ಳಲ್ಲ. ಕಷ್ಟ ಇರುವುದೇ ಅಲ್ಲಿ.

ಬ್ರೋಚನ್ನು ಎಲ್ಲಿಡಲಿ ಎಂದು ಸುತ್ತ ನೋಡಿದಳು.
ಮೇಜಿನ ತುಂಬ ಡಾಕ್ಟರ ಟೊಪ್ಪಿ, ಕೈಗವಸು, ಕೊಡೆ.
ಎಡಗೈಯೊಳಗೇ ಹಿಡಿದುಕೊಂಡಳು.

ಒಂದು, ಎರಡು.
ಒಂಬತ್ತಾದರೂ ಬೆಳಕು ಸಾಲದೆಂದು
ಧಣಿ ಹುಬ್ಬಿನಲ್ಲೇ ಸನ್ನೆ ಮಾಡಿದರು.
ಹನ್ನೆರಡರ ತನಕ ಹೋದೆ.
ಹೆಚ್ಚಿನ ಆ ಮೂರನ್ನು ಎಣಿಸಿದ್ದು
ನನ್ನ ಬಾಯಿ, ಇನ್ನಾರದೂ ಅಲ್ಲ.

ಎರಡು ವರ್ಷಕ್ಕೆ ಪುಸ್ತಕ ಬಂತು. ಚರ್ಮದ ರಟ್ಟು, ಬಂಗಾರದ ಅಂಚು.
ಧೂಳೊರೆಸುವ ನೆಪದಲ್ಲಿ ತೆರೆದೆ.
ನಲವತ್ತೊಂದನೆಯ ಚಿತ್ರ. ಹೆಸರಿಲ್ಲ. ಸ್ತ್ರೀ, ೨೯.
ಮರ್ಯಾದೆಗೆಂದು ಕಣ್ಣಿನ ಮೇಲೊಂದು ಕರಿಯ ಪಟ್ಟಿ.
ಕೊಡುತ್ತೇನೆಂದದ್ದನ್ನು ಮುಚ್ಚಿದ್ದರು,
ಬೇಡವೆಂದದ್ದನ್ನು ಬಿಟ್ಟಿದ್ದರು.
ಅಡಿಯಲ್ಲಿ ಸಣ್ಣಕ್ಷರ:
"ಎಡಗೈ ಬೆರಳುಗಳು ಮಡಚಿಕೊಂಡಿರುವುದನ್ನು ಗಮನಿಸಿ.
ನರ ಸತ್ತ ಲಕ್ಷಣ. ಇನ್ನು ಬಿಚ್ಚಲಾರವು."

ಬಿಚ್ಚಿದವು. ನಾನು ನೋಡಿದ್ದೇನೆ.
ಹನ್ನೆರಡಾದ ಮೇಲೆ ಒಂದೊಂದೇ ಬಿಚ್ಚಿದವು,
ಅಂಗೈಯಲ್ಲಿ ಕೆಂಪಗೆ ಅಚ್ಚೊತ್ತಿತ್ತು:
ಎಲೆ, ಎಲೆ, ನಡುವೆ ಒಂದು ಹೂ.
ಮೇಲಂಗಿ ತೊಟ್ಟು, ಬ್ರೋಚನ್ನು ತಾನೇ ಚುಚ್ಚಿಕೊಂಡಳು,
ಕನ್ನಡಿಯಿಲ್ಲದೆ, ನೇರಕ್ಕೆ.

"ತಂಗಿಗೊಂದು?" ಎಂದಳು ಹಿಂಬಾಗಿಲಲ್ಲಿ ನಿಂತು.
ನಾನು ಕುರ್ಚಿ ತೊಳೆಯುತ್ತಿದ್ದೆ.
ನೀರಿನ ಸದ್ದಿಗೆ ಕೇಳಿಸಲಿಲ್ಲ ಎನ್ನಬಹುದು.
ಆಮೇಲೆ ತೋಟ ಇಳಿಬಿಟ್ಟೆ;
ಮೂರು ಗಂಟೆಗೆ ಮದುವೆಯವರಿದ್ದರು.