ಕುಣಿ ಬಾಡಿಗಿ

ಮೂರು ದಿನ ಆತು, ಚುಕ್ಕಿ ಕೋಳಿ ಮನಿಗೆ ಬಂದಿಲ್ಲ.
ತಿಪ್ಪಿ ಕೆದರಿ ನೋಡಿದೆ, ಕಟಗಿ ಒಟ್ಟಿಲ ಸರಿಸಿ ನೋಡಿದೆ,
ಪರಸಿ ಕಲ್ಲಿನ ಸಂದ್ಯಾಗ ಕೈ ಹಾಕಿ
ಚೇಳಿಗೆ ಹೆದರಿ ತಗದೆ.
ಒಂದು ಪುಚ್ಚಾನೂ ಬಿದ್ದಿಲ್ಲ.
ಮುಂಗಲಿ ಒಯ್ದಿದ್ರ ಪುಚ್ಚರ ಬಿಟ್ಟು ಹೋಗತಿತ್ತು,
ಅದಕ್ಕ ಅಷ್ಟು ಮರ್ಯಾದಿ ಐತಿ.
ಹಂಗಾರ ಮನಶಾರ ಕೆಲಸ ಅಂತ
ಓಣಿ ಮಂದಿನ್ನ ಒಬ್ಬೊಬ್ಬರಂಗ ನೆನಸಿ,
ನಿನ್ನೆ ಯಾರ ಮನಿಯಾಗ ಮಸಾಲಿ ಹುರದ ವಾಸನಿ ಬಂತು ಅಂತ
ಮೂಗಿಲೆ ಲೆಕ್ಕ ಹಾಕಿದೆ.
ಅಲ್ಲಾ ಮಾಫ್ ಮಾಡಲಿ.

ಸಂಜಿಗೆ ಗ್ವಾಡಿ ಆಚೆಯಿಂದ ಶಿವಗಂಗವ್ವ ಕೂಗಿದಳು:
"ದಾವಲಬಿ, ನಿನ್ನ ಸೊಸಿ ನಮ್ಮ ಮಗ್ಗದ ಕುಣ್ಯಾಗ ಕುಂತಾಳ.
ನಾ ಮುಟ್ಟಾಕಿ ಅಲ್ಲ. ಬಂದು ಒಯ್ಯಿ."

ಹದಿನೈದು ದಿನ ಮಗಳ ಬಾಣಂತನಕ್ಕ ಕೆರೂರಿಗೆ ಹೋಗಿದ್ದಳು,
ಮಗ್ಗ ಸುಮ್ಮನಿತ್ತು, ಕಿಡಕಿ ತೆರದಿತ್ತು.
ಬಗ್ಗಿ ನೋಡಿದೆ. ಮ್ಯಾಲ ಖಣದ ಕೆಂಪು ಹಾಸು,
ಕೆಳಗ ಕತ್ತಲ ಕುಣಿ, ಮೂಲ್ಯಾಗ ಹರಕ ನೂಲಿನ ಗುಂಜು,
ಅದರ ಮ್ಯಾಲ ಮೈ ಹರವಿಕೊಂಡು ನನ್ನ ಚುಕ್ಕಿ.
ಕೆಳಗ ಹನ್ನೊಂದು ತತ್ತಿ!
ಇಷ್ಟು ದಿನ ನಾ ಬೆಕ್ಕಿಗೆ ಬೈದಿದ್ದೆ.

ಬುಟ್ಟಿ ಒಯ್ದಿದ್ದೆ ಖರೆ. ಕೈ ಹಾಕಲಿಲ್ಲ.
"ಜಾಗ ಬದಲಿಸಿದರ ಏಳತೈತಿ, ತತ್ತಿ ತಣ್ಣಗಾಗತಾವ" ಅಂದೆ,
ಅರ್ಧ ಮಾತು ಗಂಟಲದಾಗ.
"ಎಷ್ಟು ದಿನ?"
"ಇಪ್ಪತ್ತೊಂದು. ಅದರಾಗ ಮೂರು ಹೋಗ್ಯಾವ."
ಆಕಿ ಬಟ್ಟು ಮಡಚಿ ಎಣಿಸಿದಳು:
"ಈ ಹಾಸು ಮುಗಿಯೂದ್ರಾಗ ಆತಲ್ಲ, ಇರಲಿ.
ಒಂದು ಬಾಣಂತನ ಮುಗಿಸಿ ಬಂದೀನಿ, ಇನ್ನೊಂದು ಮಾಡತೀನಿ."

ಆಕಿ ತುಳಿದರ ಇದು ಬೈತೈತಿ,
ಲಾಳಿ ಓಡಿದರ ಕತ್ತ ಓಡಸತೈತಿ.
ಕಾಲುಂಗರ ಕಾಳಂತ ತಿಳಿದು ಒಮ್ಮೆ ಕುಟುಕಿತಂತ,
ಅವತ್ತು ಎರಡು ಎಳಿ ತಪ್ಪಿ
ಆನಿಹೆಜ್ಜಿ ಕೋಳಿಹೆಜ್ಜಿ ಆಗೇತಿ,
"ಯಾರಿಗೂ ತೋರಸಬ್ಯಾಡ" ಅಂತ ನನಗ ತೋರಿಸಿದಳು.
ಮಧ್ಯಾಹ್ನ ಜ್ವಾಳದ ನುಚ್ಚು, ಕರಟದಾಗ ನೀರು ಒಯ್ತೀನಿ.
ಏಳತೈತಿ, ತಿಂತೈತಿ, ದಿನದ್ದೆಲ್ಲಾ ಒಮ್ಮಿಗೇ ಹಾಕತೈತಿ.
ಶಿವಗಂಗವ್ವ ಮೂಗಿಗೆ ಸೆರಗು, ನಾ ಬೂದಿ ಚೆಲ್ಲಿ ಬಳೀತೀನಿ.

ಬಾಡಿಗಿ ಏನ ಕೊಡಲಿ ಅನ್ನೂದ ನನ್ನ ಚಿಂತಿ.
ತತ್ತಿ ಕೊಡಂಗಿಲ್ಲ, ಸಾರು ಕೊಡಂಗಿಲ್ಲ,
ರೊಕ್ಕ ಅಂದರ ಮಾತು ಬಿಡತಾಳ.
ಕಡಿಗೆ, ವರ್ಷ ಕೊಳತ ಕೋಳಿಗೊಬ್ಬರ ಒಂದು ಚೀಲ
ಆಕಿ ಕರಿಬೇವಿನ ಗಿಡದ ಬುಡಕ್ಕ ಸುರುವಿದೆ.
ಗಿಡ ಹಳದಿ ಹೊಡದಿತ್ತು.
"ಇದು ನಡೀತೈತಿ" ಅಂದಳು.

ಒಂದು ಮಾತು ಹೇಳಲಿಲ್ಲ.
ಹ್ವಾದ ವರ್ಷ ಮಂಗಳಾರ ಒಂದರ ಕುತಗಿ ತಿರುವಿತು,
ಶುಕ್ರಾರದೊಳಗ ಹದಿನಾಕು ಹ್ವಾದವು.
ಔಷಧ ಐತಿ, ಕಣ್ಣಿಗೆ ಒಂದು ಹನಿ.
ಬಾಟ್ಲಿ ನೂರು ಕೋಳಿದು, ಒಡದ ಮ್ಯಾಲ ಇಡಾಕ ಬರಂಗಿಲ್ಲ;
ನನ್ನ ಹಿತ್ತಲದಾಗ ಒಂಬತ್ತು.
ಮನಿ ಮನಿ ತಿರುಗಿ ಕೇಳಬೇಕು,
ಯಾರನ್ನ ಸಂಶೇ ಪಟ್ಟಿದ್ದೆನೋ ಅವರನ್ನ.

ಇಪ್ಪತ್ತೆರಡನೇ ದಿನ ಬೆಳಗ ಮುಂಜಾನೆ ಕರಿ ಬಂತು.
ಒಂದು ತತ್ತಿ ಕೊಳತಿತ್ತು, ಒಂದು ಸೀಳಿ ನಿಂತಿತ್ತು.
ಒಂಬತ್ತು ಮರಿ.
ಶಿವಗಂಗವ್ವ ಮಗ್ಗದ ಹಲಗಿ ಮ್ಯಾಲ ಕುಂತು
ಭಾಳ ಹೊತ್ತು ಸುಮ್ಮನ ನೋಡಿ, ಕೇಳಿದಳು:
"ಇದರಾಗ ಹುಂಜ ಎಷ್ಟು?"
ಹುನಗುಂದದ ಅಳಿಯ ರಮಜಾನಕ್ಕ ಬರತಾನ,
ಅದು ಆಕಿಗೂ ಗೊತ್ತು.
"ಈಗ ತಿಳಿಯಂಗಿಲ್ಲ" ಅಂದೆ.
"ತಿಳಿದರೂ ಹೇಳಬ್ಯಾಡ."

ಬುಟ್ಟಿಗೆ ತುಂಬೂವಾಗ
ಒಂದರ ಕಾಲಿಗೆ ಕೆಂಪು ನೂಲು ಸುತ್ತಿತ್ತು.
ಬಿಡಸಾಕ ಹ್ವಾದೆ.
"ಇರಲಿ," ಅಂದಳು, "ಗುರುತಾತು."

ಗುರುತು ಯಾತಕ್ಕ ಅಂತ ನಾ ಕೇಳಲಿಲ್ಲ.
ಮನಿಗೆ ಬಂದು
ಎಂಟು ಅಂತ ಲೆಕ್ಕ ಹಿಡಿದೆ.