ನಾಲ್ಕನೆಯ ಕಲ್ಲು

ಅಂಗೈಯಗಲದ ತಾಮ್ರದ ಬಟ್ಟಲು,
ತಳದಲ್ಲಿ ಸೂಜಿ ತೂರುವಷ್ಟು ತೂತು.
ಹಂಡೆಯ ನೀರ ಮೇಲೆ ತೇಲಿಬಿಟ್ಟರೆ
ಮೆಲ್ಲಗೆ ತುಂಬಿ, ಒಮ್ಮೆ ತಡವರಿಸಿ,
ಟಣ್ ಎಂದು ತಳ ಸೇರುತ್ತದೆ.
ಅದೇ ನಮ್ಮೂರ ಗಳಿಗೆ.
ಅಷ್ಟು ಹೊತ್ತು ಕಾಲುವೆ ನಿನ್ನದು,
ಆಮೇಲೆ ಪಕ್ಕದವನದು.
ಮಿಕ್ಕವರಿಗೆ ಹೊತ್ತು ಮುಳುಗುವುದು ದಿನಕ್ಕೊಂದು ಸಲ,
ನನಗೆ ರಾತ್ರಿಗೆ ಎಪ್ಪತ್ತು ಸಲ.

ನಾನು ಖೊದಾಮೊರಾದ್. ಮೀರಾಬ್ ಅನ್ನುತ್ತಾರೆ,
ಅಂದರೆ ನೀರಿನ ದೊರೆ.
ದೊರೆಗೆ ವರ್ಷಕ್ಕೆ ಮೂರು ಚೀಲ ಗೋಧಿ,
ಒಂದು ಕಂಬಳಿ,
ಎರಡೂ ದಂಡೆಯವರ ಬೈಗುಳ.
ಬಟ್ಟಲು ಮುಳುಗಿದಾಗೆಲ್ಲ ಒಂದು ಕಲ್ಲನ್ನು
ಎಡದಿಂದ ಬಲಕ್ಕೆ ಸರಿಸಿಡುವುದು, ಇದೇ ರಾಜ್ಯಭಾರ.

ದೂರದ ಬೆಟ್ಟದ ಬುಡದಿಂದ
ನೆಲದೊಳಗೇ ಐದು ಹರದಾರಿ ಸುರಂಗ ನಡೆದು
ಬರುತ್ತಿತ್ತು ನೀರು, ತವರಿಗೆ ಹೊರಟ ಮಗಳ ಹಾಗೆ
ದಾರಿಯಲ್ಲಿ ಎಲ್ಲೂ ನಿಲ್ಲದೆ.
ಈ ಕಲ್ಲಿನ ಬಾಯಲ್ಲಿ ಮೊದಲ ಸಲ
ಆಕಾಶ ಕಂಡು ಬೆಚ್ಚುತ್ತಿತ್ತು.

ಮಾಹ್‌ರುಖ್‌ಳ ಮದುವೆಗೆ ಅವಳಪ್ಪ ಕೊಟ್ಟದ್ದು
ಬಳೆಯಲ್ಲ, ಸರವಲ್ಲ,
ಬುಧವಾರ ರಾತ್ರಿಯ ನಾಲ್ಕು ಬಟ್ಟಲು.
ಗಂಡ ಹೋದ. ದಾಳಿಂಬೆ ಉಳಿಯಿತು.
ಅರ್ಧ ಬಟ್ಟಲಿಗಾಗಿ ಹದಿನೇಳು ವರ್ಷ
ಕೋರ್ಟು ಹತ್ತಿಳಿದ ಅಣ್ಣತಮ್ಮಂದಿರೂ ಇದ್ದರು;
ಗೆದ್ದವನು ಗೆದ್ದ ರಾತ್ರಿಯೇ ನಿದ್ದೆ ಹೋಗಿ
ಪಾಲಿನ ನೀರೆಲ್ಲ ಮುಳ್ಳುಗಿಡಕ್ಕೆ ಹರಿಯಿತು.

ಬಟ್ಟಲನ್ನು ಬೆರಳಿಂದ ಒತ್ತಿ
ಬೇಗ ಮುಳುಗಿಸಿದನೆಂದು
ನಮ್ಮಪ್ಪನ ಮೇಲೊಂದು ಮಾತಿತ್ತು. ಗೊತ್ತಿಲ್ಲ.
ನಾನು ಒತ್ತಿದ್ದೇನೆ, ಒಮ್ಮೆ.
ಮಾಘದಂಥ ಚಳಿ, ಕಣ್ಣು ಎಳೆಯುತ್ತಿತ್ತು.
ಬುಧವಾರ.

ಆಮೇಲೆ ಬಯಲಿನಾಚೆ ಪಿಸ್ತಾ ತೋಟದವರು
ಮುನ್ನೂರು ಮೀಟರು ಕೊರೆದರು.
ಹಗಲೂ ರಾತ್ರಿ ಪಂಪಿನ ಗೊರಕೆ.
ಯಾರನ್ನು ಬೈಯಲಿ? ಪಂಪು ಕಾಯುವವನು ನನ್ನ ಅಳಿಯನೇ.
ನೌರೂಜ್ ಹಬ್ಬಕ್ಕೆ ಅವನು ತಂದ ಪಿಸ್ತಾ
ನಾನೂ ಬಿಡಿಸಿ ತಿಂದೆ.
ರುಚಿಯಾಗಿತ್ತು.

ಕಾಲುವೆ ಹಗ್ಗವಾಯಿತು, ಹಗ್ಗ ದಾರವಾಯಿತು,
ದಾರ, ಕಲ್ಲಿನ ಮೇಲೊಂದು ತೇವದ ಗೆರೆ.
ಒಂದು ಬುಧವಾರ ಹಂಡೆ ತುಂಬಲೂ ನೀರಿಲ್ಲ.
ಬಟ್ಟಲು ಬರಿಯ ತಳದ ಮೇಲೆ ಕೂತಿತು,
ಊರಲ್ಲಿ ಹೊತ್ತು ನಿಂತಿತು.

ಟ್ಯಾಂಕರಿನವನಿಂದ ಎರಡು ಕ್ಯಾನು ಕೊಂಡು ತಂದೆ.
ಕೊಂಡ ನೀರಲ್ಲಿ ಬಟ್ಟಲು ಬಿಟ್ಟು
ಇಲ್ಲದ ನೀರನ್ನು ಅಳೆಯಲು ಕೂತೆ.
"ಅಪ್ಪಾ, ಅದು ಕುಡಿಯೋ ನೀರು," ಅಂದ ಮಗ.
ನೀರು ಕುಡಿದಷ್ಟು ಸುಲಭವಲ್ಲ ಮಗನೇ,
ಸರದಿಯವರನ್ನು ಮನೆಗೆ ಕಳಿಸುವುದು.

ನಡುರಾತ್ರಿ ಬಂದಳು ಮಾಹ್‌ರುಖ್,
ಹೆಗಲಲ್ಲಿ ಸಲಿಕೆ, ಕೈಯಲ್ಲಿ ಲಾಟೀನು.
ಸಲಾಮು ಹೇಳಿ, ಒಣ ಕಾಲುವೆಗಿಳಿದು
ಪಕ್ಕದವನ ಮಡೆ ಕಟ್ಟಿದಳು, ತನ್ನ ಮಡೆ ಬಿಚ್ಚಿದಳು,
ಮಣ್ಣನ್ನು ಕಾಲಿಂದ ತುಳಿದು ಗಟ್ಟಿ ಮಾಡಿ
ದಂಡೆಯ ಮೇಲೆ ಕೂತಳು,
ನೀರು ಕೊನೆಯ ಗಿಡ ಮುಟ್ಟುವುದನ್ನು
ಎಂದೂ ನೋಡುತ್ತಿದ್ದ ಹಾಗೆ ನೋಡುತ್ತ.

ಒಂದು ಮುಳುಗಿತು.
ಎರಡು. ಎಲ್ಲೋ ನರಿ ಕೂಗಿತು.
ಮೂರು.

ನಾಲ್ಕನೆಯದನ್ನು ತೇಲಿಬಿಟ್ಟು
ಹಂಡೆಗೆ ಕೈಯಿಳಿಸಿ
ತಳದ ತೂತಿಗೆ ಬೆರಳಿಟ್ಟೆ.
ನೀರು ಕೊರೆಯುತ್ತಿತ್ತು.
ಬಟ್ಟಲು ತೇಲಿತು, ತೇಲುತ್ತಲೇ ಇತ್ತು.

"ಇವತ್ತು ಹೊತ್ತು ಭಾಳ ನಿಧಾನ," ಎಂದಳು.
"ಚಳಿಗೆ ತಾಮ್ರ ಬಿಗಿಯುತ್ತಮ್ಮ," ಎಂದೆ.
ಅವಳು ನನ್ನ ತೋಳಿನ ಕಡೆ ನೋಡಿದಳು,
ಮೊಣಕೈತನಕ ಒದ್ದೆ.
ಏನೂ ಅನ್ನಲಿಲ್ಲ. ಲಾಟೀನಿನ ಬತ್ತಿ ತಗ್ಗಿಸಿದಳು.

ಬೆಳಗಾದ ಮೇಲೆ ಹಂಡೆಯ ನೀರಲ್ಲಿ
ಒಂದು ಕೆಟಲು ಚಹಾಕ್ಕೆ ತೆಗೆದು
ಉಳಿದದ್ದನ್ನು ಹೊತ್ತೊಯ್ದು ದಾಳಿಂಬೆಯ ಬುಡಕ್ಕೆ ಸುರಿದೆವು,
ಒಂದೇ ಗಿಡಕ್ಕೆ, ಅದೂ ಅರ್ಧಕ್ಕೆ.

ಮೂರು ಕಲ್ಲು ಬಲಗಡೆ ಇವೆ.
ನಾಲ್ಕನೆಯದು
ಎಡಗಡೆಯೇ ಇದೆ.