ಮೊದಲ ಪದ

ಎಡಗಡೆ ಮೂರನೇ ಬೆಂಚು, ಕಿಟಕಿಯ ಪಕ್ಕ.
ಹುಲ್ದಕ್ಕನಿಗೆ ಕಣ್ಣು ಹೋಗಿ ಏಳು ವರ್ಷ.
ಗೀತೆಗಳೆಲ್ಲ ಬಾಯಿಪಾಠ, ಆದರೆ
ಒಂದು ಚರಣ ಬಿಟ್ಟು ಇನ್ನೊಂದು ಹಿಡಿಯುವ ಸಂದಿನಲ್ಲಿ
ತಡವರಿಸುತ್ತಾಳೆ,
ಕಡವಿನಲ್ಲಿ ದೋಣಿಗೆ ಕಾಲಿಡುವವಳ ಹಾಗೆ.
ಆಗ ನಾನು ಅವಳ ಕಿವಿಗೆ
ಮೊದಲ ಪದ ಕೊಡಬೇಕು.
ಒಂದೇ ಪದ.
"ಆದರೂ" ಅಂದರೆ ಸಾಕು,
ಉಳಿದದ್ದನ್ನು ಅವಳೇ ಎಳೆದು ತರುತ್ತಾಳೆ.

ಜೆಪ್ಪುವಿನ ನಮ್ಮ ಈ ಸಣ್ಣ ಸಭೆಯಲ್ಲಿ
ದೇವರ ಹತ್ತಿರ ಕನ್ನಡ, ನಮ್ಮನಮ್ಮೊಳಗೆ ತುಳು.
ಮಾಡಿನ ಹಂಚು ಅಜ್ಜಂದಿರು ಸುಟ್ಟದ್ದು;
ಅವರ ಕಾರ್ಖಾನೆ ಮುಚ್ಚಿತು, ಹಂಚು ಸೋರಿಲ್ಲ.
ನೇತ್ರಾವತಿಯ ಸೇತುವೆಯಲ್ಲಿ ರೈಲು ಹೋಗುವಾಗ
ಪ್ರಸಂಗ ನಿಲ್ಲುತ್ತದೆ,
ಸಭಾಪಾಲಕರು ಕನ್ನಡಕ ಒರೆಸಿಕೊಳ್ಳುತ್ತಾರೆ.

ಯಾರಿಗೂ ಹೇಳದ್ದು ಒಂದು ಉಂಟು:
ಎರಡು ವರ್ಷದಿಂದ ನನ್ನಲ್ಲಿ ಪ್ರಾರ್ಥನೆ ಇಲ್ಲ.
ತಂಗಿ ಪ್ರಫುಲ್ಲ ಆಸ್ಪತ್ರೆಯಲ್ಲಿದ್ದಾಗ
ನಲವತ್ತು ದಿನ ಸಭೆ ಸರದಿ ಹಾಕಿ ಮೊಣಕಾಲೂರಿತು.
ರಾತ್ರಿ ಎರಡರ ಸರದಿ ಜೋಯಲ್ ಕುಂದರನದು,
ಅಲಾರಂ ಇಟ್ಟು ಏಳುತ್ತಿದ್ದನಂತೆ.
ಗಂಜಿ ಬಂತು, ನೆಲ್ಲಿಕಾಯಿ ಚಟ್ನಿ ಬಂತು,
ರಕ್ತ ಕೊಡಲು ಹುಡುಗರು ಸ್ಕೂಟರಿನಲ್ಲಿ ಬಂದರು.
ನಲವತ್ತೊಂದನೇ ದಿನ ಅವಳು ಹೋದಳು.
ಆಮೇಲೆ ನನ್ನ ಬಾಯಿ ಆಡುತ್ತಿತ್ತು,
ಒಳಗೆ ಯಾರೂ ಇರಲಿಲ್ಲ.
ಭಾನುವಾರ ಬಂದರೆ ಸೀರೆ ಉಡುತ್ತಿದ್ದೆ,
ಪ್ರಫುಲ್ಲಳ ಗೀತಪುಸ್ತಕ ಚೀಲಕ್ಕೆ ಹಾಕುತ್ತಿದ್ದೆ.
ಹುಲ್ದಕ್ಕನಿಗೆ ಮೊದಲ ಪದ
ಮತ್ತೆ ಯಾರು ಕೊಡುವುದು?

ಅವಳಿಗೆ ಗೊತ್ತಿತ್ತೋ ಏನೋ.
ಒಮ್ಮೆ ಚಾದ ಹೊತ್ತಿನಲ್ಲಿ ಬನ್ಸ್ ಮುರಿಯುತ್ತ ಕೇಳಿದಳು,
"ಎಂತ ಮಾರಾಯ್ತಿ, ನಿನ್ನ ಸ್ವರ ಒಣಗಿದೆ?"
ಥಂಡಿ, ಅಂದೆ.
"ಎರಡು ವರ್ಷದ ಥಂಡಿಯಾ?"
ಮತ್ತೇನೂ ಕೇಳಲಿಲ್ಲ.
ಬೆರಳಲ್ಲಿ ನನ್ನ ತಟ್ಟೆ ಹುಡುಕಿ
ದೊಡ್ಡ ತುಂಡು ಇಟ್ಟಳು.

ಈ ಸಲದ ಬೆಳೆ ಹಬ್ಬ.
ವೇದಿಯ ಮುಂದೆ ಬಸಳೆ, ಹರಿವೆ, ಕಾಲು ಕಟ್ಟಿದ ಹುಂಜ,
ಹುಲ್ದಕ್ಕ ತಡವಿ ತಡವಿ ಬೆಳೆಸಿದ ಸೌತೆಕಾಯಿ.
ಏಲಂ ಆಮೇಲೆ, ಹಾಡು ಮೊದಲು.
ಮೂರನೇ ಚರಣಕ್ಕೆ ಪುಟ ತಿರುಗಿಸಿದೆ.
ಅಂಚಿನಲ್ಲಿ ಪೆನ್ಸಿಲು, ಪ್ರಫುಲ್ಲಳ ಓರೆ ಅಕ್ಷರ:
ಇಲ್ಲಿ ಉಸಿರು ತೆಗೆದುಕೊಳ್ಳಬೇಕು.

ಪದ ಕಣ್ಣೆದುರೇ ಇತ್ತು. ಬಾಯಿಗೆ ಬರಲಿಲ್ಲ.
ಹುಲ್ದಕ್ಕ ಕಾದಳು.
ಹಾರ್ಮೋನಿಯಂ ಕಾಯಲಿಲ್ಲ.
ಆಗ ಹಿಂದಿನ ಬೆಂಚಿನಿಂದ ಜೋಯಲ್ ಬಗ್ಗಿ
ಶುಂಠಿ ಮಿಠಾಯಿಯ ವಾಸನೆಯ ಜೊತೆ
ಒಂದು ಪದ ಪಿಸುಗುಟ್ಟಿದ.
ತಪ್ಪು ಪದ. ನಾಲ್ಕನೇ ಚರಣದ್ದು.
ಅವಳು ಅದನ್ನೇ ಹಿಡಿದು ಗಟ್ಟಿ ಸ್ವರದಲ್ಲಿ ಹೊರಟೇಬಿಟ್ಟಳು!
ಅರ್ಧ ಸಭೆ ಮೂರರಲ್ಲಿ, ಅರ್ಧ ಸಭೆ ನಾಲ್ಕರಲ್ಲಿ,
ಯಾರ ಹಿಂದೆ ಹೋಗುವುದೆಂದು ತಿಳಿಯದೆ
ಸಾಲಿನ್ಸ್ ಮಾಸ್ಟರರ ಕೈ ಮನೆಗಳ ಮೇಲೆ ನಿಂತುಹೋಯಿತು.
ಕೊನೆಗೆ ಪಲ್ಲವಿಯಲ್ಲಿ ಎಲ್ಲರೂ ಬಂದು ಕೂಡಿದೆವು,
ಸಭಾಪಾಲಕರ ಹೆಗಲು ಕುಲುಕುತ್ತಿತ್ತು.
ಆ ಗದ್ದಲದಲ್ಲಿ ನನ್ನ ಸ್ವರವೂ ಇತ್ತು.
ಯಾವಾಗ ಬಂತೋ ನಾನು ನೋಡಲಿಲ್ಲ.

ಸೌತೆಕಾಯಿ ಮೂರು ಸಲ ಮಾರಾಟವಾಯಿತು.
ಕೊಂಡವರು ಸಭೆಗೇ ತಿರುಗಿ ಕೊಟ್ಟರು, ಮತ್ತೆ ಕೂಗಿದರು.
ಆರುನೂರ ಐವತ್ತಕ್ಕೆ ಕಡೆಗೆ ಕೊಂಡವಳು ಹುಲ್ದಕ್ಕ.
"ಅದು ನಿಮ್ಮದೇ ಅಲ್ಲವಾ?" ಅಂದರು ಯಾರೋ.
"ನಂಗೆಂತ ಗೊತ್ತು? ನಾನು ನೋಡಿದ್ದೇನಾ?"
ಮಾರ್ಗನ್ಸ್ ಗೇಟಿನವರೆಗೆ ನನ್ನ ಮೊಣಕೈ ಹಿಡಿದು ಬಂದು
ಬಸ್ಸು ಹತ್ತುವಾಗ ಅದನ್ನು ನನ್ನ ಚೀಲಕ್ಕೆ ತುರುಕಿದಳು.

ರಾತ್ರಿ ಹುಳಿಗೆ ಹೆಚ್ಚುತ್ತ ಕೂತಿದ್ದೆ.
ಮನೆಯಲ್ಲಿ ಬೇರೆ ಸದ್ದು ಇರಲಿಲ್ಲ.
"ಆದರೂ" ಅಂದೆ, ಯಾರಿಗೆಂದು ಕೇಳಿಕೊಳ್ಳದೆ.
ಉಳಿದದ್ದು ಬರಲಿಲ್ಲ.
ಸ್ವಲ್ಪ ಹೊತ್ತು ಹಾಗೇ ಕಾದೆ.
ಆಮೇಲೆ ಬೀಜ ತೊಳೆದು ಬೂದಿಯಲ್ಲಿ ಹೊರಳಿಸಿ
ಹಳೆಯ ಹಂಚಿನ ತುಂಡಿನ ಮೇಲೆ ಒಣಗಲಿಟ್ಟೆ.
ಹುಲ್ದಕ್ಕ ಎಣಿಸಿ ವಾಪಸು ಕೇಳುತ್ತಾಳೆ.